ಅಮಾಸಿ ಚೀಟಿಯ ಲಾಭ

ಚೀಟಿ ಕೂಗುವುದನ್ನು ಕಣ್ಣಾರೆ ನೋಡದವರಿಗೆ ಮೊದಲು ಅದನ್ನಿಷ್ಟು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನಗೆ ಯಾಕಿಷ್ಟು ಹೇಸಿಗೆ ಅನ್ನುವುದು ನಿಮಗೆ ತಿಳಿಯುವುದಿಲ್ಲ.

ಇಪ್ಪತ್ತು ಹೆಂಗಸರು. ತಿಂಗಳಿಗೊಮ್ಮೆ, ಅಮಾಸಿ ದಿನ ಮಧ್ಯಾಹ್ನ, ಚೀಟಿ ನಡೆಸುವಾಕೆಯ ಮನೆ ಮುಂದಿನ ಕಟ್ಟೆಯ ಮೇಲೆ, ಒಬ್ಬೊಬ್ಬರು ಐದೈದು ಸಾವಿರ ತಂದು ನಡುವೆ ಇಡುತ್ತಾರೆ. ಒಟ್ಟು ಒಂದು ಲಕ್ಷ ಆಗುತ್ತದೆ. ಅವತ್ತು ರೊಕ್ಕದ ಜರೂರತ್ತು ಇದ್ದವರು ಅದನ್ನು ಕೂಗಿ ತೆಗೆದುಕೊಳ್ಳಬೇಕು. ಕೂಗುವುದೆಂದರೆ, ‘ನಾನು ಇಷ್ಟು ಬಿಡುತ್ತೇನೆ, ಉಳಿದದ್ದು ನನಗೆ ಕೊಡಿ’ ಅನ್ನುವುದು. ಹೆಚ್ಚು ಬಿಟ್ಟವಳಿಗೆ ಚೀಟಿ. ಅವಳು ಬಿಟ್ಟ ರೊಕ್ಕವನ್ನು ಇಪ್ಪತ್ತು ಪಾಲು ಮಾಡಿ ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ನಮ್ಮ ಓಣಿಯಲ್ಲಿ ಲಾಭ ಅಂತ ಹೆಸರು. ಒಮ್ಮೆ ಚೀಟಿ ಎತ್ತಿದವಳು ಮತ್ತೆ ಕೂಗುವಂತಿಲ್ಲ, ಆದರೆ ಕಡೇ ತಿಂಗಳ ತನಕ ಐದು ಸಾವಿರ ಕಟ್ಟುತ್ತಲೇ ಇರಬೇಕು.

ನಮ್ಮ ಓಣಿ ಹೊಸಪೇಟೆಯ ಕಾಲುವೆ ದಂಡೆಗೆ ಹತ್ತಿಕೊಂಡಿತ್ತು. ಚೀಟಿ ನಡೆಸುವಾಕೆ ಕಂಪ್ಲಿ ಕಡೆಯವಳು, ಅಕ್ಕಿ ಗಿರಣಿಯವರ ಮನೆ ಮಗಳು. ತವರಿನ ಗಿರಣಿ ಹೆಸರು ಹೇಳಿಯೇ ಅರ್ಧ ವಿಶ್ವಾಸ ಗಳಿಸಿದ್ದಳು. ಉಳಿದರ್ಧ ಗಳಿಸಿದ್ದು ಲಾಭ ಹಂಚುವ ಚಂದದಿಂದ. ಬೇರೆ ಕಡೆ ಕಟ್ಟುವ ಕಂತಿನಲ್ಲೇ ಲಾಭ ಮುರಿದುಕೊಳ್ಳುತ್ತಾರೆ, ಮುಗಿಯಿತು. ಈಕೆ ಹಾಗಲ್ಲ. ಪೂರ್ತಿ ಐದು ಸಾವಿರ ಇಸಿದುಕೊಂಡು, ಆಮೇಲೆ ಒಂದೊಂದು ವೀಳ್ಯದೆಲೆ ಮೇಲೆ ಲಾಭದ ನೋಟು ಇಟ್ಟು, ಚಿಟಿಕೆ ಕುಂಕುಮ ಹಾಕಿ ಕೈಗೆ ಕೊಡುತ್ತಿದ್ದಳು. ಹೆಂಗಸರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಗುಡಿಯಲ್ಲಿ ಕೊಟ್ಟ ಪ್ರಸಾದದ ಹಾಗೆ. ಇದು ಎಲ್ಲಿಂದ ಬಂತು ಅಂತ ಪ್ರಸಾದಕ್ಕೆ ಯಾರು ಕೇಳುತ್ತಾರೆ?

ಗಣಿ ಧೂಳು ಊರಿಗೆ ಬಂಗಾರದ ಹುಡಿಯಂತೆ ಕಂಡ ಕಾಲ ಅದು. ಸಂಡೂರಿನ ಗುಡ್ಡದಿಂದ ಇಳಿದ ಲಾರಿಗಳು ಹಗಲೆಲ್ಲ ಸಾಲುಗಟ್ಟುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗುತ್ತಿತ್ತು. ನಮ್ಮ ಓಣಿಯಲ್ಲಿ ಸನ್ಯಾಸಿಗಳು ಹೆಚ್ಚಾದರು ಅಂತ ನಾವು ನಗುತ್ತಿದ್ದೆವು. ನಗುವುದಕ್ಕೆ ಕಾರಣವೂ ಇತ್ತು, ಎಲ್ಲರ ಕೈಯಲ್ಲೂ ರೊಕ್ಕ ಆಡುತ್ತಿತ್ತು.

ಅಕ್ಕನ ಗಂಡ, ನಾನು ಮಾವ ಅಂತ ಕರೆಯುವವನು, ಬೇರೆಯವರ ಲಾರಿ ಹೊಡೆದು ಹೊಡೆದು ಸಾಕಾಗಿ ಸ್ವಂತದ್ದೊಂದು ತಂದ. ತಂದ ಅನ್ನುವುದಕ್ಕಿಂತ ಫೈನಾನ್ಸಿನವನೇ ಮನೆಗೆ ಬಂದು ಕೊಟ್ಟುಹೋದ ಅನ್ನಬೇಕು. ಅಕ್ಕನ ಬಂಗಾರದಲ್ಲಿ ಅರ್ಧ ಅಡ ಇಟ್ಟು ಮುಂಗಡ ಕಟ್ಟಿದರು. ಫೈನಾನ್ಸಿನವ ತಾನೇ ತೆಂಗಿನಕಾಯಿ ತಂದು ಗಾಲಿ ಮುಂದೆ ಒಡೆದು, “ಇನ್ನ ಮ್ಯಾಲೆ ನಿಮಗ ಓನರ್ ಮೇಡಂ ಅನ್ನಬೇಕ್ರೀ” ಅಂತ ಅಕ್ಕನಿಗೆ ಹಲ್ಲು ಕಿರಿದ. ಅಕ್ಕ ನಾಚಿ ಸೆರಗು ಕಚ್ಚಿಕೊಂಡಳು. ಲಾರಿ ಅವಳ ಹೆಸರಿಗೇ ಇತ್ತು.

ದುಡಿಮೆ ಜೋರಿತ್ತು. ತಿಂಗಳ ಕಂತು ಕಟ್ಟಿ, ಡೀಸೆಲ್ ಹಾಕಿಸಿ, ಇನ್ನೂ ಕೈಯಲ್ಲಿ ಉಳಿಯುತ್ತಿತ್ತು. ಉಳಿದದ್ದು ಮನೆ ತುಂಬುವ ಸಾಮಾನಾಯಿತು. ಸೋಫಾ ಬಂತು, ಅದರ ಪ್ಲಾಸ್ಟಿಕ್ ಹಾಳೆ ತೆಗೆಯಲೇ ಇಲ್ಲ. ಕುಂತರೆ ಬೆವರಿಗೆ ತೊಡೆ ಅಂಟುತ್ತಿತ್ತು. ಫ್ರಿಜ್ ಬಂತು, ಅದರೊಳಗೆ ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಲಾರಿಗೆ ಇನ್ಶೂರೆನ್ಸ್ ಇತ್ತು, ಅದನ್ನು ಫೈನಾನ್ಸಿನವರೇ ಕಟ್ಟಿಸಿದ್ದರು. ಲಾರಿ ಹೊಡೆಯುವ ಮನುಷ್ಯನಿಗೆ ಏನೂ ಇರಲಿಲ್ಲ. ಆ ಮಾತು ಯಾರ ತಲೆಗೂ ಹೊಳೆಯಲಿಲ್ಲ. ಗಟ್ಟಿಮುಟ್ಟಾದ ಗಂಡಸು, ಅವನಿಗೇನಾಗುತ್ತದೆ?

ಅವ್ವನ ಕಥೆ ಇನ್ನೂ ಚಂದ. ಅಪ್ಪ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಲಾರಿಯವರ ಖಾನಾವಳಿಗೆ ಕೊಡುತ್ತ, ನಾಲ್ಕು ಕಾಸು ಅಂಚೆ ಕಚೇರಿಯಲ್ಲಿ ಇಟ್ಟಿದ್ದಳು. ಚೀಟಿಯ ಲಾಭ ನೋಡಿ ಅದನ್ನು ತೆಗೆಸಲು ಹೋದಳು. ಅಲ್ಲಿದ್ದವರು, “ಯಾಕಬೇ, ಇರಲಿ ಬಿಡು, ಕಷ್ಟಕ್ಕ ಆಗತೈತಿ” ಅಂದರಂತೆ. ಅವ್ವ, “ನಿಮ್ ಬಡ್ಡಿ ಹಲ್ಲಿನ ಸಂದಿಗೆ ಸಾಲಂಗಿಲ್ರೀ” ಅಂದು ಎಲ್ಲವನ್ನೂ ಬಾಚಿಕೊಂಡು ಬಂದಳು. ಓಣಿಯಲ್ಲಿ ಅವ್ವ ಒಬ್ಬಳೇ ಅಲ್ಲ, ಸಾಲಾಗಿ ಹೋಗಿ ಹೀಗೆ ಮಾಡಿಬಂದರು. ಚೀಟಿ ಇರುವಾಗ ಬೇರೆ ಗಂಟು ಯಾಕೆ? ಕಷ್ಟ ಬಂದರೆ ಕೂಗಿದರಾಯಿತು.

ಅಕ್ಕನೂ ಹಾಗೇ ಅನ್ನುತ್ತಿದ್ದಳು. “ನಂದೇನ್ಲೇ, ಚೀಟ್ಯಾಗ ಒಂದು ಲಕ್ಷ ಐತಿ.” ಲಕ್ಷ ಎಲ್ಲಿತ್ತು? ಇದ್ದದ್ದು ಕೂಗುವ ಒಂದು ಹಕ್ಕು, ಅಷ್ಟೆ. ಕಷ್ಟ ಒಬ್ಬೊಬ್ಬರಿಗೆ ಬೇರೆ ಬೇರೆ ತಿಂಗಳು ಬಂದರೆ ಮಾತ್ರ ಆ ಹಕ್ಕಿಗೆ ಬೆಲೆ. ಇಪ್ಪತ್ತು ಮನೆಯ ಆಪತ್ಕಾಲದ ಗಂಟು ಒಂದೇ ಕಟ್ಟೆಯ ಮೇಲೆ ಇತ್ತು. ಎಲ್ಲರೂ ಒಂದೇ ದಿನ ಅದಕ್ಕೆ ಕೈ ಹಾಕಿದರೆ ಏನಾಗುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ.

ಆ ಮಳೆಗಾಲ ಚಿಕುನ್‌ಗುನ್ಯಾ ಬಂತು.

ಮೊದಲು ಕೋಳಿ ತಿಂದರೆ ಬರುತ್ತದೆ ಅಂತ ಸುದ್ದಿ ಹಬ್ಬಿ ಕೋಳಿ ಅಂಗಡಿಯವ ಈಗಾಗಲೇ ಸತ್ತ ಕೋಳಿಗಳ ನಡುವೆ ತಾನೂ ಸತ್ತವನಂತೆ ಕುಂತ. ಆಮೇಲೆ ಕೋಳಿ ಮುಟ್ಟದ ಲಿಂಗವಂತರ ಮನೆಗಳಲ್ಲೂ ಜ್ವರ ಬಂದಾಗ ಸುದ್ದಿ ತಣ್ಣಗಾಯಿತು. ಜ್ವರ ನಾಲ್ಕು ದಿನಕ್ಕೆ ಬಿಟ್ಟರೂ ಕೀಲು ಬಿಡುತ್ತಿರಲಿಲ್ಲ. ಮೊಣಕಾಲು, ಮಣಿಕಟ್ಟು, ಬೆರಳ ಗೆಣ್ಣು ಎಲ್ಲ ಬಾತು ಬಿಗಿದುಕೊಳ್ಳುತ್ತಿದ್ದವು. ಗಟ್ಟಿಗಿತ್ತಿಯರು ಮೆಟ್ಟಿಲನ್ನು ಕೂಸಿನ ಹಾಗೆ ಹಿಂದುಮುಂದಾಗಿ ಇಳಿಯುತ್ತಿದ್ದರು. ಒದ್ದೆ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ, ನಲ್ಲಿ ತಿರುವಲು ಆಗುತ್ತಿರಲಿಲ್ಲ. ಬೆಳಿಗ್ಗೆ ನಮ್ಮ ಓಣಿ ನೋಡಿದರೆ ನಾಟಕದವರು ಮುದುಕರ ಪಾತ್ರ ಕಲಿಯುತ್ತಿದ್ದಾರೆ ಅನ್ನಬೇಕು.

ಮೊದಲು ಮಲಗಿದವನು ಮಾವ. ಮರಿಯಮ್ಮನಹಳ್ಳಿ ಹತ್ತಿರ ಸ್ಟೇರಿಂಗ್ ಹಿಡಿಯಲಾಗದೆ ಲಾರಿ ರಸ್ತೆ ಪಕ್ಕಕ್ಕೆ ಬಿಟ್ಟು, ಯಾರದೋ ಗಾಡಿಯಲ್ಲಿ ಮನೆಗೆ ಬಂದ. ಲಾರಿ ತರಲು ಇನ್ನೊಬ್ಬ ಡ್ರೈವರನ್ನು ಕಳಿಸಿದೆವು. ಅವನು ನಾಲ್ಕು ಟ್ರಿಪ್ ಹೊಡೆದು ತಾನೂ ಮಲಗಿದ. ಆಮೇಲೆ ಡ್ರೈವರುಗಳೇ ಸಿಗಲಿಲ್ಲ. ಮನೆ ಮುಂದೆ ಲಾರಿ ನಿಂತಿತು, ಮನೆ ಒಳಗೆ ಮಾವ ಮಲಗಿದ. ಡಾಕ್ಟರು ಇಂಜೆಕ್ಷನ್ ಅಂದರು, ಸಲೈನ್ ಅಂದರು, ರಕ್ತ ಪರೀಕ್ಷೆ ಅಂದರು, ಎಲ್ಲದಕ್ಕೂ ಕೈ ಚಾಚಿದರು. ಅಕ್ಕನ ಉಳಿದ ಬಂಗಾರವೂ ಹೋಗಿ ಅಡ ಕುಂತಿತು. ಇವತ್ತು ನಾಳೆ ಕೈ ಸಡಿಲಾಗುತ್ತದೆ ಅಂತ ಕಾದು ಅಕ್ಕ ಎರಡು ಅಮಾಸಿ ಚೀಟಿ ಕೂಗದೆ ಬಿಟ್ಟಳು. ಲಾರಿಯ ಮೂರು ಕಂತು ತಪ್ಪಿದವು.

ಫೈನಾನ್ಸಿನವ ಬಂದ, ಕಾಯಿ ಒಡೆದವನೇ. ಈಗ ಅವನ ಹಿಂದೆ ಇಬ್ಬರು ದಾಂಡಿಗರು ಬೇರೆ ಇದ್ದರು, ಚಪ್ಪಲಿ ಕಳೆಯದೆ ಒಳಗೆ ಬಂದು ಸೋಫಾದ ಪ್ಲಾಸ್ಟಿಕ್ ಮೇಲೆ ಕುಂತರು. ಅವನ ಮಾತು ಮಾತ್ರ ಮೊದಲಿನಂತೆ ಬೆಣ್ಣೆ.

“ಓನರ್ ಮೇಡಂ, ನಾವೇನು ನಿಮಗ ಬ್ಯಾರೆಯವ್ರಲ್ಲ. ದಂಡ ಎಲ್ಲಾ ಸೇರಿ ಅರವತ್ತೈದು ಸಾವಿರ ಆತು. ಅಮಾಸಿ ಸಂಜಿತನಕ ನೋಡ್ತೀವಿ. ಆಮ್ಯಾಲೆ ನಮ್ಮ ಕೈಯ್ಯಾಗ ಇರಂಗಿಲ್ಲ.”

“ಅಮಾಸಿಗೆ ನನ್ನ ಚೀಟಿ ಎತ್ತತೀನ್ರೀ” ಅಂದಳು ಅಕ್ಕ.

“ಹಂಗಾರ ಇನ್ನೇನು ಮತ್ತ!” ಅಂದು ಚಹಾ ಕುಡಿದು ಹೋದ.

ಅಕ್ಕ ಲೆಕ್ಕ ಹಾಕಿದಳು. ಮೂವತ್ತು ಬಿಟ್ಟರೆ ಎಪ್ಪತ್ತು ಬರುತ್ತದೆ. ಚೀಟಿ ನಡೆಸುವಾಕೆಯ ಕಮಿಷನ್ ಐದು ಹೋದರೆ ಅರವತ್ತೈದು. ಮೂವತ್ತರೊಳಗೆ ಚೀಟಿ ನಿಂತರೆ ಲಾರಿ ಉಳಿಯುತ್ತದೆ, ಮೀರಿದರೆ ಇಲ್ಲ. ಅವತ್ತಿನ ಐದು ಸಾವಿರದ ಪಾಲು ಕಟ್ಟಲು ಸಹ ಅವಳ ಹತ್ತಿರ ಇರಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಾಹುಕಾರರ ಕೈಕಾಲು ಹಿಡಿದು ಮುಂಗಡ ಇಸಿದುಕೊಂಡು ಬಂದೆ.

ಅಮಾಸಿ ಮಧ್ಯಾಹ್ನ ಅಕ್ಕನ ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಅಷ್ಟೊತ್ತಿಗೆ ಅವಳ ಮೊಣಕಾಲೂ ಬಾತಿದ್ದವು. ಅವ್ವ ನಮ್ಮ ಹಿಂದೆ ಗೋಡೆ ಸವರಿಕೊಂಡು ಬಂದಳು. ಕಟ್ಟೆಯ ಮೇಲೆ ಆಗಲೇ ನರಳಾಟ. ಕುಂತವರಿಗೆ ಏಳಲಾಗದು, ನಿಂತವರಿಗೆ ಕೂಡಲಾಗದು. ತುಂಬಾ ಆರಾಮಾಗಿದ್ದವಳು ಒಬ್ಬಳೇ, ಪ್ಲಾಟಿನಾಕೆ. ಅವಳ ಗಂಡ ಕಾಲುವೆ ನೀರಿನ ಬಾಳೆ ತೋಟ ಕಡಿಸಿ ಅದಿರು ಸುರಿಯುವ ಪ್ಲಾಟು ಮಾಡಿದ್ದ. ಯಾವ ಲಾರಿ ಮೊದಲು ಖಾಲಿಯಾಗಬೇಕು, ಯಾವುದು ಬಿಸಿಲಲ್ಲಿ ಕಾಯಬೇಕು ಅನ್ನುವುದು ಅವನ ಕೈಯಲ್ಲಿತ್ತು. ಹಾಗಾಗಿ ಲಾರಿ ಮನೆ ಹೆಂಗಸರು ಅವಳನ್ನು ಕಂಡರೆ ಎರಡು ಗೇಣು ಜಾಗ ಹೆಚ್ಚು ಬಿಡುತ್ತಿದ್ದರು. ಅವರ ಮನೆ ಕಿಟಕಿಗೆಲ್ಲ ಸೊಳ್ಳೆ ಜಾಲರಿ ಇತ್ತು. ಯಾರಿಗೂ ಒಂದು ಸೀನೂ ಬಂದಿರಲಿಲ್ಲ.

“ಯಾರ್ಯಾರಿಗೆ ಬೇಕು, ಕೈ ಎತ್ರಿ” ಅಂದಳು ಚೀಟಿಯಾಕೆ.

ಬೇರೆ ತಿಂಗಳು ಇಬ್ಬರೋ ಮೂವರೋ ಎತ್ತುತ್ತಿದ್ದರು. ಅವತ್ತು ಇನ್ನೂ ಚೀಟಿ ಎತ್ತದವರೆಲ್ಲ ಬೇಕು ಅಂದರು. ಕೈ ಮೇಲೆ ಹೋಗದೆ ಗದ್ದ ಎತ್ತಿ ತೋರಿಸಿದವರೇ ಹೆಚ್ಚು. ಪ್ಲಾಟಿನಾಕೆಯೂ ನಗುತ್ತ ಕೈ ಎತ್ತಿದಳು, ಬಳೆ ಝಲ್ಲೆಂದವು.

“ನಿನಗ್ಯಾಕಬೇ ಚೀಟಿ?” ಅಂದಳು ಇಡ್ಲಿ ಗಾಡಿಯಾಕೆ. ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಮಾರುವ ಈಕೆ ಅಕ್ಕನ ಜೊತೆಗಾತಿ. ಹಿಟ್ಟು ತಿರುವಲು ಕೈ ಬಾರದೆ ಅವಳ ಗಾಡಿ ನಿಂತು ತಿಂಗಳಾಗಿತ್ತು.

“ಯಾಕ, ನಾ ಐದ್ ಸಾವಿರ ಕಟ್ಟಿಲ್ಲೇನು? ನಂದೇನು ಖೋಟಾ ನೋಟ?”

ಕೂಗು ಹತ್ತರಿಂದ ಹೊರಟಿತು. ಹನ್ನೆರಡು, ಹದಿನೈದು, ಹದಿನೆಂಟು. ಒಂದೊಂದು ಮಾತಿಗೂ ಒಬ್ಬೊಬ್ಬಳ ಮುಖ ಬಾಡುತ್ತಿತ್ತು. ಇಪ್ಪತ್ತೈದಕ್ಕೆ ಬರುವಾಗ ಉಳಿದವರು ಮೂವರು, ಅಕ್ಕ, ಇಡ್ಲಿಯಾಕೆ, ಪ್ಲಾಟಿನಾಕೆ. ಇಡ್ಲಿಯಾಕೆ ಇಪ್ಪತ್ತೆಂಟು ಅಂದವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಮೂವತ್ತು ಅಂದಳು.

“ಆತು ತಗೊಳವ್ವಾ. ಮೂವತ್ತು ಬಿಟ್ಟು ಒಯ್ದು ನಾ ಏನ್ ತೊಳಕೊಳ್ಲಿ? ನಿಂದರ ಲಾರಿ ಉಳೀಲಿ” ಅಂದಳು ಇಡ್ಲಿಯಾಕೆ.

ಎಂಥಾ ದೊಡ್ಡ ಮಾತು ಅದು! ನನ್ನ ಕಣ್ಣು ತುಂಬಿ ಬಂದವು. ಚೀಟಿಯಾಕೆ ಒಂದನೇ ಸಲ ಅಂದಳು, ಎರಡನೇ ಸಲ ಅಂದಳು.

“ಮೂವತ್ತೆರಡು” ಅಂದಳು ಪ್ಲಾಟಿನಾಕೆ, ಅಡಿಕೆ ಕತ್ತರಿಸುತ್ತ.

ಅಕ್ಕ ನನ್ನ ಕೈ ಹಿಂಡಿದಳು. ಎರಡು ಮೂರು ಸಾವಿರ ಹೆಂಗಾರ ಹೊಂಚೋಣ ಅಂತ ಕಿವಿಯಲ್ಲಿ ಹೇಳಿ, ಮೂವತ್ಮೂರು ಅಂದಳು. ಪ್ಲಾಟಿನಾಕೆ ಮೂವತ್ತೈದು ಅಂದಳು. ಮೂವತ್ತಾರು. ನಲವತ್ತು. ಪ್ಲಾಟಿನಾಕೆ ಪ್ರತಿ ಸಲ ಕೂಗಿ ಪಕ್ಕದವಳ ತೊಡೆ ಚಿವುಟುತ್ತಿದ್ದಳು. ಲಾಭ ಬೆಳೀತಾ ಐತಿ ನೋಡ್ರೆ ಅನ್ನುವ ಹಾಗೆ. ಪಕ್ಕದವಳು ನಕ್ಕಳು. ಆ ಪಕ್ಕದವಳ ಗಂಡನೂ ಮನೆಯಲ್ಲಿ ಜ್ವರ ಬಂದು ಮಲಗಿದ್ದ! ಇನ್ನಿಬ್ಬರ ತುಟಿ ಅಲುಗುವುದು ಕಂಡಿತು. ಅವರು ಬಾಯೊಳಗೆ ಭಾಗಾಕಾರ ಮಾಡುತ್ತಿದ್ದರು. ನಲವತ್ತಾದರೆ ತಲೆಗೆ ಎರಡು ಸಾವಿರ. ಆ ಎರಡು ಸಾವಿರ ಅವರಿಗೂ ಔಷಧಿಗೆ ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೂ ಆ ಅಲುಗುವ ತುಟಿಗಳು ನೆನಪಾದರೆ ನನಗೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಅಕ್ಕ ನಲವತ್ತೈದು ಅಂದಳು. ಪೂರ್ತಿ ಸಾಲದಿದ್ದರೂ ಕೈಗೆ ಬಂದಷ್ಟು ಬರಲಿ ಅನ್ನುವ ಹಾಗೆ.

“ಐವತ್ತು!” ಪ್ಲಾಟಿನಾಕೆ ಹಾಡು ಹೇಳಿದಂತೆ ಅಂದಳು.

ಅಕ್ಕ ಸುಮ್ಮನಾದಳು. ಒಂದನೇ ಸಲ. ಎರಡನೇ ಸಲ. ಚೀಟಿಯಾಕೆಯ ಬಾಯಲ್ಲಿ ಮೂರನೆಯದು ಸಿಕ್ಕಿಕೊಂಡಿತು. ಅವಳು ಪ್ಲಾಟಿನಾಕೆಯನ್ನು ನೋಡಿದಳು, ಪ್ಲಾಟಿನಾಕೆ ಅಕ್ಕನನ್ನು ನೋಡಿದಳು.

“ಅಯ್ಯ, ಸುಮ್ನ ಆದ್ಯಲ್ಲಬೇ! ಕೂಗು, ಕೂಗು.”

“ನನಗ ಬ್ಯಾಡ. ನಿಂದ ಆತು, ಒಯ್ಯಿ” ಅಂದಳು ಅಕ್ಕ.

“ನಾ ಯಾಕ ಐವತ್ತು ಸಾವಿರ ಕಳಕೊಂಡು ಒಯ್ಲಿ? ನನಗೇನು ಹುಚ್ಚು ನಾಯಿ ಕಡದೈತೇನು? ನಾ ಚ್ಯಾಷ್ಟಿ ಮಾಡಿದ್ನೆವ್ವಾ.”

ಚೀಟಿಯಾಕೆ ಜಲ್ದಿ ಸಾವರಿಸಿಕೊಂಡಳು. “ಹೌದು, ಚ್ಯಾಷ್ಟಿ ಮಾಡ್ಯಾಳ. ಹಂಗಾರ ನಲವತ್ತೈದಕ್ಕ ನಿಂದ ಆತು ಬಿಡು.”

ಅಕ್ಕ ನನ್ನ ಭುಜದ ಮೇಲೆ ಭಾರ ಹಾಕಿ ಎದ್ದು ನಿಂತಳು. ಎಂಟನೇ ಕ್ಲಾಸು ಮುಟ್ಟದವಳು, ಆ ಮಧ್ಯಾಹ್ನ ಎಷ್ಟು ಸ್ಪಷ್ಟವಾಗಿ ಮಾತಾಡಿದಳೆಂದರೆ ಈಗಲೂ ನನಗೆ ಅದರ ಮೇಲೆ ಒಂದಕ್ಷರ ಸೇರಿಸಲು ಬರುವುದಿಲ್ಲ.

“ಚ್ಯಾಷ್ಟಿ ಅಂತ ನೀವ ಅಂದ್ರಿ. ಮೂವತ್ತರ ಮ್ಯಾಲೆ ನನ್ ಕೂಡ ಕೂಗಿದಾಕಿ ಆಕಿ ಒಬ್ಬಾಕೇನ. ಆಕೀದು ಸುಳ್ಳು ಕೂಗಾದ್ರ, ನಾ ನಿಂತಿದ್ದು ಮೂವತ್ತಕ್ಕ. ನನಗ ಮೂವತ್ತಕ್ಕ ಕೊಡ್ರಿ.”

ಇದರಲ್ಲಿ ತಪ್ಪು ಏನಿತ್ತು? ಕಟ್ಟೆಯ ಮೇಲಿದ್ದವರಿಗೆಲ್ಲ ಅದು ನ್ಯಾಯ ಅಂತ ಗೊತ್ತಾಯಿತು. ಗೊತ್ತಾದದ್ದು ಮುಖದ ಮೇಲೆ ಕಂಡಿತು. ಚೀಟಿಯಾಕೆ ಜಾಣೆ. ತಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಎಲ್ಲರ ಕಡೆ ತಿರುಗಿ, “ನಂದೇನೈತ್ರೀ ಇದ್ರಾಗ? ಮೂವತ್ತಾದ್ರ ನಿಮಗ ಬರೋದು ಒಂದೂವರಿ ಸಾವಿರ. ನಲವತ್ತೈದಾದ್ರ ಎರಡು ಸಾವಿರದ ಇನ್ನೂರೈವತ್ತು. ನೀವ ಹೇಳ್ರಿ” ಅಂದಳು.

ಏಳುನೂರೈವತ್ತು ರೂಪಾಯಿ. ಅಷ್ಟಕ್ಕೆ ಹದಿನೆಂಟು ಹೆಂಗಸರು ನೆಲ ನೋಡಿದರು. ಅವರಲ್ಲಿ ಅಕ್ಕನ ಬಾಣಂತನಕ್ಕೆ ನೀರು ಕಾಯಿಸಿದವರಿದ್ದರು. ಮಾವನ ಲಾರಿಯಲ್ಲಿ ಪುಕ್ಕಟೆ ಮನೆ ಸಾಮಾನು ಸಾಗಿಸಿಕೊಂಡವರಿದ್ದರು. ಇಡ್ಲಿಯಾಕೆ ಬಾಯಿ ತೆರೆದಳು. ಅವಳ ಗಾಡಿ ನಿಂತು ತಿಂಗಳಾಗಿತ್ತು. ತೆರೆದ ಬಾಯಿ ಮುಚ್ಚಿದಳು.

“ಆಕಿ ಹೇಳೋದು ಖರೇ ಐತಲ್ರೀ” ಅಂದೆ ನಾನು.

“ನಿಂದು ಪಾಲು ಐತೇನು ಚೀಟ್ಯಾಗ? ಇಲ್ಲಲ್ಲ? ಹಂಗಾರ ಸುಮ್ನ ಕುಂದ್ರು” ಅಂದಳು ಚೀಟಿಯಾಕೆ.

ಆಗ ಅಕ್ಕ ಅವ್ವನ ಕಡೆ ನೋಡಿದಳು. ಅವ್ವನಿಗೂ ಒಂದು ಪಾಲಿತ್ತು. ಅವ್ವ ಒಂದು ಮಾತಾಡಿದ್ದರೆ ಇಡ್ಲಿಯಾಕೆ ಮಾತಾಡುತ್ತಿದ್ದಳು, ಅವಳ ಹಿಂದೆ ಇನ್ನಿಬ್ಬರು. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು, “ಆತು ಬಿಡವ್ವಾ, ಮಂದ್ಯಾಗ ಜಗಳ ಬ್ಯಾಡ” ಅಂದಳು.

ಮುಗಿಯಿತು.

ಚೀಟಿಯಾಕೆ ತನ್ನ ಕಮಿಷನ್ ಐದು ಮುರಿದುಕೊಂಡು ಐವತ್ತು ಸಾವಿರ ಎಣಿಸಿ ಅಕ್ಕನ ಮಡಿಲಿಗೆ ಹಾಕಿದಳು. ಆಮೇಲೆ ವೀಳ್ಯದೆಲೆ ಬಂದವು. ಎಲೆ ಮೇಲೆ ನೋಟು, ನೋಟಿನ ಮೇಲೆ ಕುಂಕುಮ. ಬಾತ ಬೆರಳಿನವರು ಎರಡೂ ಕೈ ಜೋಡಿಸಿ ಬೊಗಸೆಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅಕ್ಕನಿಗೂ ಒಂದು ಎಲೆ ಕೊಟ್ಟರು. ಅವಳದೇ ರೊಕ್ಕದಲ್ಲಿ ಇಷ್ಟು ಚೂರು ಅವಳಿಗೇ ಪ್ರಸಾದ!

ಅಷ್ಟಕ್ಕೇ ಬಿಡಲಿಲ್ಲ. ಚೀಟಿ ಎತ್ತಿದವರು ಎಲ್ಲರಿಗೂ ಮಿರ್ಚಿ ಮಂಡಕ್ಕಿ ಹಾಕಬೇಕು ಅನ್ನುವುದು ಆ ಕಟ್ಟೆಯ ಪದ್ಧತಿ.

“ಏನವ್ವಾ, ಹಂಗ ಎದ್ದು ಹೋಗೋದ? ಮಿರ್ಚಿ ಎಲ್ಲಿ?” ಅಂದಳು ಪ್ಲಾಟಿನಾಕೆ.

ಯಾರಾದರೂ ಬ್ಯಾಡ ಅನ್ನುತ್ತಾರೇನೋ ಅಂತ ನಾನು ಕಾದೆ. ಒಬ್ಬರೂ ಅನ್ನಲಿಲ್ಲ. ಅಕ್ಕ ನನಗೆ ನೋಟು ಕೊಟ್ಟು ತರಲು ಕಳಿಸಿದಳು. ತಂದೆ. ಜ್ವರದಿಂದ ಬಾಯಿ ಕೆಟ್ಟವರಿಗೆ ಖಾರ ರುಚಿಸಿತು ಅಂತ ಕಾಣುತ್ತದೆ, ಹಾಳೆಯಲ್ಲಿ ಎಣ್ಣೆ ಬಿಟ್ಟರೆ ಏನೂ ಉಳಿಯಲಿಲ್ಲ. ಪ್ಲಾಟಿನಾಕೆ ಇನ್ನೆರಡು ಕೇಳಿ ಇಸಿದುಕೊಂಡಳು. ಗಲ್ಲದ ಮೇಲೆ ಕಡಲೆ ಹಿಟ್ಟಿನ ಚೂರು ಅಂಟಿತ್ತು. ಅದನ್ನು ಒರೆಸಿಕೊಳ್ಳುತ್ತ ಅಕ್ಕನಿಗೆ, “ಮನಿಯವ್ರನ್ನ ಜ್ವಾಕಿ ಮಾಡವ್ವಾ, ಪಾಪ” ಅಂದಳು. ನಾನು ಮೋರಿ ಕಡೆ ಹೋಗಿ ಉಗುಳಿ ಬಂದೆ.

ದಾರಿಯಲ್ಲಿ ನಾನು ಅವ್ವನನ್ನು ಕೇಳಿದೆ. “ಯಾಕಬೇ ಹಂಗಂದಿ?”

“ಆಕಿ ಗಂಡನ ಪ್ಲಾಟಿಗೇ ನಾಳೆ ಲಾರಿ ಹೋಗಬೇಕಲ್ಲೇ. ಎದುರು ಹಾಕ್ಕೊಂಡು ಬದುಕಾಕ ಆಗತೈತೇನು?”

ಅದೂ ಖರೆ. ಆದರೆ ಅವ್ವ ಆ ಎಲೆಯನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡಿದ್ದಳು. ಯಾವುದಕ್ಕೆ ಅಂಜಿ ಅಂದಳು, ಯಾವುದಕ್ಕೆ ಆಸೆಪಟ್ಟು ಅಂದಳು ಅಂತ ಬಿಡಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಮನೆ ಹೊಸ್ತಿಲಲ್ಲಿ ಆ ಗಂಟು ಬಿಚ್ಚಿ, “ಇದನ್ನೂ ಸೇರಿಸಿ ಕೊಡು” ಅಂತ ಅಕ್ಕನ ಮುಂದೆ ಹಿಡಿದಳು.

“ಅದು ನಿನ್ ಲಾಭ, ನೀನ ಇಟ್ಕೋ” ಅಂದಳು ಅಕ್ಕ. ಅವ್ವ ಅದನ್ನು ದೇವರ ಮಾಡದಲ್ಲಿ ಇಟ್ಟಳು. ಮುಂದಿನ ಚೀಟಿಗೆ ಕಟ್ಟುವ ತನಕ ಅದು ಅಲ್ಲೇ ಇತ್ತು.

ಫೈನಾನ್ಸಿನವ ಆಗಲೇ ಬಂದು ಕುಂತು, ಮಾವನ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿಯುತ್ತಿದ್ದ. ಮಾವನ ಬೆರಳುಗಳಿಗೆ ಕಾಯಿಸಿದ ಎಕ್ಕೆ ಎಲೆ ಕಟ್ಟಿತ್ತು. ಆ ಕೈಯಲ್ಲಿ ಚಹಾ ಹೇಗೆ ಸೋಸಿದನೋ.

“ಎಷ್ಟು ಬಂತ್ರೀ ಮೇಡಂ?”

“ಐವತ್ತು.”

“ಕಡಿಮಿ ಆತಲ್ಲ.” ಅವನು ನಾಲಿಗೆ ಕಚ್ಚಿದ, ಕಪ್ಪು ಕೆಳಗಿಡಲಿಲ್ಲ. “ಇರಲಿ, ಅಷ್ಟ ಕೊಡ್ರಿ. ಉಳಿದದ್ದಕ್ಕ ಮ್ಯಾಲಿನವ್ರಿಗೆ ಹೇಳಿ ನೋಡ್ತೀನಿ.”

“ಕೊಡು, ಕೊಡು” ಅಂದ ಮಾವ. “ಲಾರಿ ಒಂದಿದ್ರ ಎಲ್ಲಾ ದುಡೀತೀನಿ.”

ಅಕ್ಕ ಮಡಿಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. “ಇದನ್ನ ಕೊಟ್ರ ಲಾರಿ ಬಿಡ್ತೀರೇನು?”

“ನೋಡ್ತೀನಿ ಅಂದ್ನೆಲ್ರೀ.”

“ನೋಡ್ತೀನಿ ಬ್ಯಾಡ. ಬಿಡ್ತೀನಿ ಅನ್ರಿ.”

ಅವನು ಚಹಾ ಗುಟುಕರಿಸಿದ. ಹಿಂದಿದ್ದ ದಾಂಡಿಗರಲ್ಲಿ ಒಬ್ಬ ಕಿಟಕಿಯಿಂದ ಲಾರಿ ಗಾಲಿ ನೋಡುತ್ತಿದ್ದ. ಟೈರು ಎಷ್ಟು ಸವೆದಿದೆ ಅಂತ ಅಳೆಯುವವನಂತೆ.

“ಹಂಗಾರ ಲಾರಿ ಒಯ್ರಿ” ಅಂದಳು ಅಕ್ಕ. “ರೊಕ್ಕ ಕೊಡಂಗಿಲ್ಲ. ಇದನ್ನೂ ಕೊಟ್ಟು ಅದನ್ನೂ ಕಳಕೊಂಡು ಮಕ್ಕಳಿಗೆ ಏನ್ ಹಾಕ್ಲಿ?”

ಮಾವ ಗೋಡೆ ಕಡೆ ಮುಖ ಮಾಡಿ ಕುಂತ. ಫೈನಾನ್ಸಿನವನ ಬೆಣ್ಣೆ ಮಾತು ಅಲ್ಲಿಗೆ ನಿಂತಿತು. ಮೇಡಂ ಹೋಗಿ ‘ಏನಮ್ಮಾ’ ಆಯಿತು. ಕೀಲಿ ಕೈ ಇಸಿದುಕೊಂಡ. ಮಾವನಿಗೆ ಕ್ಯಾಬಿನ್ ಹತ್ತಲಾಗದು ಅಂತ ನಾನೇ ಹತ್ತಿ ಅವನ ಹೊದಿಕೆ, ಊಟದ ಡಬ್ಬಿ, ದೇವರ ಪಟ ಕೆಳಗಿಳಿಸಿದೆ. ಲಾರಿ ಓಣಿ ದಾಟುವಾಗ ಪ್ರತಿ ಬಾಗಿಲಲ್ಲೂ ಹೆಂಗಸರು ಬಂದು ನಿಂತರು. ಅಯ್ಯೋ ಪಾಪ ಅಂದರು. ಕೆಲವರ ಹಣೆಯಲ್ಲಿ ಎಲೆ ಒತ್ತಿಕೊಂಡಾಗ ಹತ್ತಿದ ಕುಂಕುಮ ಇನ್ನೂ ಇತ್ತು. ಕಡ್ಡಿರಾಂಪುರದ ಹಾದಿಯಲ್ಲಿ ಒಂದು ಬಯಲಿನಲ್ಲಿ ಹಾಗೆ ಎಳೆದುತಂದ ಲಾರಿಗಳು ಸಾಲಾಗಿ ನಿಂತಿದ್ದವು. ಹಂಪಿಗೆ ಹೋಗುವ ಬಸ್ಸಿನಿಂದ ಒಂದೆರಡು ಸಲ ನಮ್ಮದನ್ನು ಗುರುತು ಹಿಡಿದೆ. ಆಮೇಲೆ ಅದನ್ನು ಹರಾಜಿಗೆ ಹಾಕಿ ಅವರ ಲೆಕ್ಕ ಅವರು ತೀರಿಸಿಕೊಂಡರು. ನಮಗೆ ಬಿಡಿಗಾಸು ತಿರುಗಿ ಬರಲಿಲ್ಲ.

ಐವತ್ತು ಸಾವಿರ ಮನೆಯ ಹೊಟ್ಟೆ ಹೊರೆಯಿತು. ಮಾವನ ಬೆರಳು ಸಡಿಲಾಗುವ ತನಕ ಅಕ್ಕ ಅದನ್ನು ಹಿಡಿಹಿಡಿದು ಖರ್ಚು ಮಾಡಿದಳು. ಮಾವ ಮತ್ತೆ ಬೇರೆಯವರ ಲಾರಿಗೆ ಡ್ರೈವರಾದ. ಅವತ್ತು ಅವಳು ಆ ಐವತ್ತನ್ನೂ ಫೈನಾನ್ಸಿನವನಿಗೆ ಕೊಟ್ಟಿದ್ದರೆ ಏನು ಗತಿಯಾಗುತ್ತಿತ್ತು ಅಂತ ಮಾವ ಆಮೇಲೆ ಒಪ್ಪಿಕೊಂಡ. ಅಕ್ಕನ ಮುಂದಲ್ಲ, ನನ್ನ ಮುಂದೆ.

ಆದರೆ ಚೀಟಿ ಮುಗಿದಿರಲಿಲ್ಲ. ಇಲ್ಲದ ಲಾರಿಗೆ ಎತ್ತಿದ ಚೀಟಿ, ತಿಂಗಳು ತಿಂಗಳು ಕಟ್ಟಲೇಬೇಕು. ಮುಂದಿನ ಅಮಾಸಿ ಅಕ್ಕನ ಜೊತೆ ನಾನೂ ಹೋದೆ. ಅವತ್ತು ಇಡ್ಲಿಯಾಕೆ ಎತ್ತಲೇಬೇಕಾಗಿತ್ತು. ಗಾಡಿ ಜಾಗದ ಬಾಡಿಗೆ ನಿಂತು, ಬೇರೆ ಯಾರೋ ಅಲ್ಲಿ ಒಲೆ ಹೂಡಲು ಹೊಂಚುಹಾಕಿದ್ದರು. ಪ್ಲಾಟಿನಾಕೆ ಅದೇ ಬಳೆ, ಅದೇ ನಗು, ಅದೇ ಅಡಿಕೆ. ಅವಳು ಏರಿಸುತ್ತ ಹೋದಳು, ಇಡ್ಲಿಯಾಕೆ ಹಲ್ಲು ಕಚ್ಚಿ ಹಿಂದೆ ಹೋದಳು. ಮೂವತ್ತೆಂಟಕ್ಕೆ ನಿಂತಿತು. ಅಕ್ಕ ಒಂದು ಮಾತೂ ಆಡಲಿಲ್ಲ. ಎಲೆ ಇಸಿದುಕೊಂಡಳು, ಮಿರ್ಚಿ ಮುಟ್ಟದೆ ಎದ್ದಳು.

ಕಾಲುವೆ ದಂಡೆಗೆ ಬಂದಾಗ ಕಲ್ಲಿನ ಮೇಲೆ ಕುಂತುಬಿಟ್ಟಳು. ಅಂಗೈಯಲ್ಲಿ ಎಲೆ ಹಾಗೇ ಇತ್ತು.

“ನಾ ಏನ್ ಮಾಡಾಕತ್ತಿದ್ದೆ ಗೊತ್ತೇನ್ಲೇ ಅಲ್ಲಿ ಕುಂತು? ನಲವತ್ತರ ಆಗ್ಲಿ, ಇನ್ನೂ ಎರಡು ಬಿಡ್ಲಿ ಆಕಿ, ನನಗ ಇನ್ನೊಂದು ನೂರು ಹೆಚ್ಚಿಗಿ ಸಿಗತೈತಿ ಅಂತ ಬಾಯಾಗ ಎಣಸಾಕತ್ತಿದ್ದೆ. ಅವತ್ತು ಲಾರಿ ಉಳೀಲಿ ತಗೋ ಅಂದಾಕಿ ಆಕಿ.”

ಅಕ್ಕ ನೀರು ಮುಕ್ಕಳಿಸಿ ಉಗುಳಿದಳು. ಮತ್ತೆ ಮುಕ್ಕಳಿಸಿದಳು. ಕಾಲುವೆಯ ನೀರೂ ಅದಿರಿನ ಕೆಂಪು, ಬಾಯಿ ಸ್ವಚ್ಛ ಆಗುವಂಥದ್ದಲ್ಲ. ಆಮೇಲೆ ಸಾವಿರದ ಒಂಬೈನೂರು ರೂಪಾಯಿಯನ್ನು ಎಲೆಯಿಂದ ಬಿಡಿಸಿ, ಕುಂಕುಮ ಉಜ್ಜಿ ತೆಗೆದು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕಿ ತರಬೇಕಿತ್ತು.